ಅನ್ನ, ರೊಟ್ಟಿ ಬಿಟ್ಟವರಿಗೆ ಹಬ್ಬದ ಊಟದ ನಂತರ ಕೈ ನಡುಗುವುದೇಕೆ?



ಎರಡು ತಿಂಗಳಿಂದ ನೀವು ಅನ್ನ ಮುಟ್ಟಿಲ್ಲ, ರೊಟ್ಟಿ ಮುಟ್ಟಿಲ್ಲ. ಪಲ್ಯ, ಕಾಳು, ಮೊಸರು, ಪನೀರ್, ಶೇಂಗಾ ಇಷ್ಟರಲ್ಲೇ ದಿನ ಕಳೆಯುತ್ತಿದ್ದೀರಿ. ತೂಕ ಇಳಿದಿದೆ, ಮೈ ಹಗುರವಾಗಿದೆ. ಅಷ್ಟರಲ್ಲಿ ಊರಿನ ಜಾತ್ರೆ ಬಂತು. ದಾಸೋಹದ ಪಂಕ್ತಿಯಲ್ಲಿ ಕುಳಿತಿರಿ. ಗೋಧಿ ಹುಗ್ಗಿ, ಹೋಳಿಗೆ, ಅನ್ನ, ಸಾರು ಎಲ್ಲವೂ ಎಲೆಗೆ ಬಿದ್ದವು. ಬೇಡವೆನ್ನಲು ಮನಸ್ಸು ಬರಲಿಲ್ಲ, ಹೊಟ್ಟೆ ತುಂಬ ಉಂಡಿರಿ. ಮೂರು ಗಂಟೆ ಕಳೆಯಿತು. ಇದ್ದಕ್ಕಿದ್ದಂತೆ ಕೈ ನಡುಗತೊಡಗಿತು, ಮೈ ಬೆವರಿತು, ಎದೆ ಡವಡವ ಹೊಡೆದುಕೊಂಡಿತು, ಕಣ್ಣು ಮಂಜಾಯಿತು. ಹೊಟ್ಟೆ ತುಂಬ ಉಂಡ ಮೇಲೂ ವಿಪರೀತ ಹಸಿವು!

ಮನೆಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರು ‘ಪಿತ್ತ’ ಎಂದರೆ ಮತ್ತೊಬ್ಬರು ‘ದೃಷ್ಟಿ ತಾಗಿದೆ’ ಎನ್ನುತ್ತಾರೆ. ‘ನೋಡಿದಿರಾ, ಅನ್ನವೇ ವಿಷ, ಇನ್ನು ಜನ್ಮದಲ್ಲಿ ಮುಟ್ಟಬೇಡಿ’ ಎನ್ನುವವರು ಕೆಲವರು. ‘ಏನೂ ಆಗಿಲ್ಲ, ಮಲಗಿದರೆ ಸರಿಹೋಗುತ್ತದೆ’ ಎನ್ನುವವರು ಇನ್ನು ಕೆಲವರು.

ಕೊನೆಯ ಎರಡು ಮಾತುಗಳೂ ತಪ್ಪು. ಅನ್ನ ವಿಷವಲ್ಲ. ಹಾಗೆಂದು ಇದು ಸುಮ್ಮನೆ ಮಲಗಿ ಕಳೆಯುವ ವಿಷಯವೂ ಅಲ್ಲ. ಇಂಥ ಹೊತ್ತಿನಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿಯಬೇಕು. ಮೊದಲನೆಯದು, ರಕ್ತದ ಸಕ್ಕರೆ ನಿಜವಾಗಿಯೂ ಇಳಿದಿದೆಯೇ? ಎರಡನೆಯದು, ನೀವು ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೀರಾ? ಮುಂದೆ ಏನು ಮಾಡಬೇಕೆಂಬುದು ಈ ಎರಡು ಉತ್ತರಗಳ ಮೇಲೆ ನಿಂತಿದೆ. ಇವನ್ನು ರೋಗಿಗಳಿಗೂ ಅವರ ಜೊತೆಗಿರುವ ಸಂಬಂಧಿಕರಿಗೂ ಸರಳವಾಗಿ ತಿಳಿಸಲು ಈ ಲೇಖನ.

ರಕ್ತದ ಸಕ್ಕರೆಯನ್ನು ಶರೀರ ಹೇಗೆ ಕಾಯುತ್ತದೆ?

ದೊಡ್ಡವರ ಶರೀರದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅಷ್ಟೂ ರಕ್ತದಲ್ಲಿ ಒಂದು ಹೊತ್ತಿಗೆ ಕರಗಿರುವ ಸಕ್ಕರೆ, ಅಂದರೆ ಗ್ಲುಕೋಸ್, ಸುಮಾರು 5 ಗ್ರಾಂ ಮಾತ್ರ. ಒಂದು ಚಹಾ ಚಮಚದಷ್ಟು! ನಮ್ಮ ಮಿದುಳು ಹೆಚ್ಚಾಗಿ ಇದನ್ನೇ ನಂಬಿಕೊಂಡಿದೆ. ಆದ್ದರಿಂದ ಈ ಒಂದು ಚಮಚ ಸಕ್ಕರೆ ಹೆಚ್ಚೂ ಆಗದಂತೆ, ಕಡಿಮೆಯೂ ಆಗದಂತೆ ಶರೀರ ಹಗಲಿರುಳು ಕಾಯುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಬೆಳಗಿನ ಬರಿ ಹೊಟ್ಟೆಯಲ್ಲಿ ಇದು 100 ಮಿಲಿಲೀಟರ್ ರಕ್ತಕ್ಕೆ 70ರಿಂದ 99 ಮಿಲಿಗ್ರಾಂ ಇರುತ್ತದೆ. ಊಟವಾದ ಎರಡು ಗಂಟೆಗೆ ಸಾಮಾನ್ಯವಾಗಿ 140ರ ಒಳಗೆ ಬರುತ್ತದೆ.

ಅನ್ನ, ರೊಟ್ಟಿ, ಚಪಾತಿ, ಬೆಲ್ಲ, ಸಕ್ಕರೆ, ಹಣ್ಣು, ಆಲೂಗಡ್ಡೆ ಇವುಗಳಲ್ಲಿರುವ ಶರ್ಕರಪಿಷ್ಟ ಹೊಟ್ಟೆಯಲ್ಲಿ ಗ್ಲುಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಇನ್ಸುಲಿನ್ ಗ್ಲುಕೋಸನ್ನು ಸ್ನಾಯುಗಳಿಗೆ ತಲುಪಿಸುತ್ತದೆ, ಮಿಕ್ಕಿದ್ದನ್ನು ಯಕೃತ್ತಿನಲ್ಲಿ ದಾಸ್ತಾನು ಮಾಡಿಸುತ್ತದೆ. ಊಟವಿಲ್ಲದ ಹೊತ್ತಿನಲ್ಲಿ ಯಕೃತ್ತು ತನ್ನ ದಾಸ್ತಾನಿನಿಂದ ಗ್ಲುಕೋಸನ್ನು ಹೊರಗೆ ಬಿಡುತ್ತದೆ. ಅದಕ್ಕೆ ಆಜ್ಞೆ ಕೊಡುವುದು ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನು. ನಮ್ಮ ಮನೆಯ ಕಣಜದ ಹಾಗೆ ಇದು: ಸುಗ್ಗಿಯಲ್ಲಿ ತುಂಬಬೇಕು, ಬೇಸಿಗೆಯಲ್ಲಿ ತೆಗೆಯಬೇಕು.

ಅನ್ನ, ರೊಟ್ಟಿ ಬಿಟ್ಟಾಗ ಏನಾಗುತ್ತದೆ?

ದಿನಕ್ಕೆ 130 ಗ್ರಾಂಗಿಂತ ಕಡಿಮೆ ಶರ್ಕರಪಿಷ್ಟ ತಿನ್ನುವುದನ್ನು ಸಾಮಾನ್ಯವಾಗಿ ‘ಲೋ ಕಾರ್ಬ್’ ಪಥ್ಯ ಎನ್ನುತ್ತಾರೆ. ಕೆಲವರು 50 ಗ್ರಾಂಗಿಂತಲೂ ಕಡಿಮೆಗೆ ಇಳಿಸುತ್ತಾರೆ. ಲೆಕ್ಕಕ್ಕೆ ಹೇಳುವುದಾದರೆ, 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 40 ಗ್ರಾಂ ಶರ್ಕರಪಿಷ್ಟವಿದೆ. ಒಂದು ಸಾಧಾರಣ ಬಟ್ಟಲು ಅನ್ನದಲ್ಲೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ.

ಇಂಥ ಪಥ್ಯದಲ್ಲಿ ಶರೀರ ಹೊಸ ರೀತಿಗೆ ಒಗ್ಗಿಕೊಳ್ಳುತ್ತದೆ. ಗ್ಲುಕೋಸ್ ಬದಲು ಕೊಬ್ಬನ್ನು ಹೆಚ್ಚಾಗಿ ಉರಿಸುತ್ತದೆ. ಯಕೃತ್ತಿನ ದಾಸ್ತಾನು ಕಡಿಮೆಯಾಗುತ್ತದೆ. ಊಟದ ಸಕ್ಕರೆ ರಕ್ತಕ್ಕೆ ಬಂದ ಕೂಡಲೇ ಮೊದಲ ಕೆಲವು ನಿಮಿಷಗಳಲ್ಲಿ ಚಿಮ್ಮಬೇಕಾದ ಇನ್ಸುಲಿನ್ ಮಂದವಾಗುತ್ತದೆ. ಸ್ನಾಯುಗಳು ಕೂಡ ಗ್ಲುಕೋಸನ್ನು ನಿಧಾನವಾಗಿ ಎಳೆದುಕೊಳ್ಳುತ್ತವೆ. ಇದು ರೋಗವಲ್ಲ. ಕೆಲಸವಿಲ್ಲದ ಆಳು ತುಸು ವಿಶ್ರಾಂತಿ ತೆಗೆದುಕೊಂಡ ಹಾಗೆ.

ಈ ಸ್ಥಿತಿಯಲ್ಲಿ ಒಮ್ಮೆಗೇ ಹುಗ್ಗಿ, ಹೋಳಿಗೆ, ಅನ್ನ ಉಂಡರೆ 150 ಗ್ರಾಂ ಶರ್ಕರಪಿಷ್ಟ ಒಂದೇ ಹೊತ್ತಿಗೆ ಒಳಗೆ ಹೋಗಬಹುದು. ವಿಶ್ರಾಂತಿಯಲ್ಲಿದ್ದ ಗ್ರಂಥಿ ಕೂಡಲೇ ಸಿದ್ಧವಾಗುವುದಿಲ್ಲ. ಮೊದಲ ಒಂದು ಗಂಟೆಯಲ್ಲಿ ಸಕ್ಕರೆ ಬಹಳ ಮೇಲೇರುತ್ತದೆ. ಅದನ್ನು ಕಂಡು ಗ್ರಂಥಿ ತಡವಾಗಿ, ಆದರೆ ಜೋರಾಗಿ ಇನ್ಸುಲಿನ್ ಬಿಡುತ್ತದೆ. ಕಾಲುವೆಯ ತೂಬನ್ನು ತಡವಾಗಿ ಎತ್ತಿದ ರೈತ, ಹೊಲ ಒಣಗಿತೆಂಬ ಗಾಬರಿಯಲ್ಲಿ ಪೂರ್ತಿ ಎತ್ತಿಬಿಟ್ಟರೆ ನೀರು ಬೇಕಾದ್ದಕ್ಕಿಂತ ಹೆಚ್ಚು ನುಗ್ಗುತ್ತದಲ್ಲವೇ? ಇಲ್ಲಿಯೂ ಹಾಗೆಯೇ. ಊಟದ ಸಕ್ಕರೆ ಮುಗಿದ ಮೇಲೂ ಇನ್ಸುಲಿನ್ ಕೆಲಸ ಮಾಡುತ್ತಲೇ ಇರುತ್ತದೆ. ಊಟವಾದ 2ರಿಂದ 4 ಗಂಟೆಯ ಹೊತ್ತಿಗೆ ಸಕ್ಕರೆ ಇಳಿಯುತ್ತದೆ. ಯಕೃತ್ತಿನ ಕಣಜದಲ್ಲೂ ಹೆಚ್ಚು ದಾಸ್ತಾನಿಲ್ಲದಿದ್ದರೆ ಇಳಿದದ್ದು ಬೇಗ ಮೇಲೇರುವುದಿಲ್ಲ. ಊಟದ ನಂತರದ ಈ ಇಳಿತಕ್ಕೆ ವೈದ್ಯರು ‘ರಿಯಾಕ್ಟಿವ್ ಹೈಪೋಗ್ಲೈಸೀಮಿಯಾ’ ಎನ್ನುತ್ತಾರೆ.

ಪಥ್ಯ ಮಾಡುವ ಎಲ್ಲರಿಗೂ ಹೀಗಾಗುವುದಿಲ್ಲ. ಹೆಚ್ಚಿನವರಲ್ಲಿ ಸಕ್ಕರೆ ಮೇಲೇರಿ ನಿಧಾನವಾಗಿ ತನ್ನ ಜಾಗಕ್ಕೆ ಬರುತ್ತದೆ. ಕೆಲವರಲ್ಲಿ ಮಾತ್ರ ತೀರಾ ಕೆಳಗಿಳಿಯುತ್ತದೆ.

ಇದು ಇಂದು ನಿನ್ನೆ ಕಂಡುಕೊಂಡ ಸಂಗತಿಯಲ್ಲ. ಅಮೆರಿಕದ ವೈದ್ಯ ಜೆರೋಮ್ ಕಾನ್ 1940ರಲ್ಲೇ, ಸಕ್ಕರೆ ಕುಡಿಸಿ ಮಾಡುವ ರಕ್ತಪರೀಕ್ಷೆಗೆ ಮೊದಲು ರೋಗಿ ಸರಿಯಾದ ಆಹಾರ ತಿಂದಿರಬೇಕು, ಇಲ್ಲದಿದ್ದರೆ ಫಲಿತಾಂಶ ದಾರಿ ತಪ್ಪಿಸುತ್ತದೆ ಎಂದು ಬರೆದರು. ಈಗಲೂ ಆ ಪರೀಕ್ಷೆಗೆ ಮೊದಲಿನ 3 ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಶರ್ಕರಪಿಷ್ಟ ತಿನ್ನಬೇಕೆಂಬ ನಿಯಮವಿದೆ. ಆದ್ದರಿಂದ ನೀವು ಲೋ ಕಾರ್ಬ್ ಪಥ್ಯದಲ್ಲಿದ್ದು, ಗ್ಲುಕೋಸ್ ಕುಡಿಸುವ ಪರೀಕ್ಷೆಗೆ ಚೀಟಿ ಬರೆಸಿಕೊಂಡಿದ್ದರೆ ಮೊದಲೇ ಹೇಳಿ. ಹೇಳದೆ ಹೋದರೆ, ಇಲ್ಲದ ಸಕ್ಕರೆ ಕಾಯಿಲೆ ಇದೆಯೆಂದು ವರದಿ ಬರಬಹುದು.

ಸಕ್ಕರೆ ಇಳಿದಾಗ ಕಾಣುವ ಲಕ್ಷಣಗಳು

ಮೊದಲು ಕಾಣುವವು ಶರೀರದ ಎಚ್ಚರಿಕೆಯ ಗಂಟೆಗಳು:
• ಕೈ, ತುಟಿ ನಡುಗುವುದು
• ತಣ್ಣನೆಯ ಬೆವರು
• ಎದೆಬಡಿತ ಹೆಚ್ಚಾಗುವುದು
• ತಡೆಯಲಾರದ ಹಸಿವು, ಗಾಬರಿ, ಸಿಡುಕು

ಸಕ್ಕರೆ ಇನ್ನೂ ಇಳಿದರೆ ಮಿದುಳಿಗೆ ಆಹಾರ ಸಾಲದೆ ಕಾಣುವವು:
• ಕಣ್ಣು ಮಂಜಾಗುವುದು, ತಲೆ ಸುತ್ತು
• ಮಾತು ತೊದಲುವುದು, ಗೊಂದಲ, ಕುಡಿದವರಂತೆ ವರ್ತಿಸುವುದು
• ವಿಪರೀತ ಮಂಪರು
• ಫಿಟ್ಸ್, ಪ್ರಜ್ಞೆ ತಪ್ಪುವುದು

ಮೊದಲ ಗುಂಪಿನ ಲಕ್ಷಣ ಕಂಡಾಗಲೇ ಎಚ್ಚೆತ್ತರೆ ಎರಡನೆಯ ಗುಂಪಿಗೆ ಹೋಗುವುದಿಲ್ಲ. ರಕ್ತದೊತ್ತಡಕ್ಕೆ ಅಥವಾ ಹೃದಯಕ್ಕೆ ಅಟೆನೊಲಾಲ್, ಪ್ರೊಪ್ರನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಒಂದು ಮಾತು ನೆನಪಿಡಿ. ನಿಮ್ಮಲ್ಲಿ ನಡುಕ, ಎದೆಬಡಿತ ಅಷ್ಟಾಗಿ ಕಾಣದೇ ಇರಬಹುದು. ಬೆವರು ಮಾತ್ರ ಕಾಣುತ್ತದೆ. ಅದನ್ನೇ ಗಂಟೆ ಎಂದು ತಿಳಿಯಿರಿ.

ನಿಜವಾಗಿಯೂ ಸಕ್ಕರೆ ಇಳಿದಿದೆಯೇ?

ಕೈ ನಡುಗಿದ ಮಾತ್ರಕ್ಕೆ ಸಕ್ಕರೆ ಇಳಿದಿದೆ ಎನ್ನಲಾಗದು. ಇದನ್ನು ನಿರ್ಧರಿಸಲು ಅಲೆನ್ ವಿಪಲ್ ಎಂಬ ಶಸ್ತ್ರವೈದ್ಯರ ಹೆಸರಿನ ಮೂರು ಅಂಶಗಳ ನಿಯಮವನ್ನು ವೈದ್ಯರು ಇಂದಿಗೂ ಬಳಸುತ್ತಾರೆ:
1. ಲಕ್ಷಣಗಳು ಇರಬೇಕು.
2. ಅದೇ ಹೊತ್ತಿನಲ್ಲಿ ಪರೀಕ್ಷಿಸಿದರೆ ರಕ್ತದ ಸಕ್ಕರೆ ಕಡಿಮೆ ಇರಬೇಕು.
3. ಸಕ್ಕರೆ ಕೊಟ್ಟ ಮೇಲೆ ಲಕ್ಷಣಗಳು ಹೋಗಬೇಕು.

ಆದ್ದರಿಂದ ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಲಕ್ಷಣ ಕಂಡ ಹೊತ್ತಿನಲ್ಲೇ ಪರೀಕ್ಷಿಸಿ. ಮರುದಿನ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಪರೀಕ್ಷಿಸಿ ‘ಎಲ್ಲ ಸರಿಯಿದೆ’ ಎಂದುಕೊಂಡರೆ ಪ್ರಯೋಜನವಿಲ್ಲ. ಪರೀಕ್ಷೆಗೆ ಮೊದಲು ಕೈಯನ್ನು ಸಾಬೂನು ಹಚ್ಚಿ ತೊಳೆದು ಒರೆಸಿಕೊಳ್ಳಿ. ಹೋಳಿಗೆ ಮುರಿದ ಬೆರಳಿಗೆ ಬೆಲ್ಲ ಅಂಟಿದ್ದರೆ ಯಂತ್ರ ಸುಳ್ಳು ಅಂಕಿ ತೋರಿಸುತ್ತದೆ.

• 70ಕ್ಕಿಂತ ಕಡಿಮೆ: ಎಚ್ಚರಿಕೆ. ಕೂಡಲೇ ಉಪಚಾರ ಮಾಡಿ.
• 54ಕ್ಕಿಂತ ಕಡಿಮೆ: ಅಪಾಯ. ಉಪಚಾರ ಮಾಡಿ, ಅಂದೇ ವೈದ್ಯರಿಗೆ ತಿಳಿಸಿ.
• 70ಕ್ಕಿಂತ ಹೆಚ್ಚು, ಆದರೂ ನಡುಕ: ಕಾರಣ ಬೇರೆ ಇರಬಹುದು.

ಆ ಬೇರೆ ಕಾರಣಗಳು ಯಾವುವು? ಬಹಳ ಕಾಲ ಸಕ್ಕರೆ 250–300ರಲ್ಲಿ ಇದ್ದವರಿಗೆ ಅದು 110–120ಕ್ಕೆ ಬಂದರೂ ಶರೀರ ‘ಇಳಿಯಿತು’ ಎಂದು ಗಾಬರಿಪಡುತ್ತದೆ. ಮೇಲೇರಿದ ಸಕ್ಕರೆ ಬೇಗ ಕೆಳಗೆ ಬಂದಾಗ ಕೂಡ ಹೀಗಾಗಬಹುದು. ವಯಸ್ಸಾದವರಲ್ಲಿ ಭಾರೀ ಊಟದ ನಂತರ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಲೋ ಕಾರ್ಬ್ ಪಥ್ಯದ ಮೊದಲ ವಾರಗಳಲ್ಲಿ ಮೂತ್ರದ ಮೂಲಕ ನೀರು, ಉಪ್ಪು ಹೆಚ್ಚು ಹೋಗಿ ನಿಶ್ಶಕ್ತಿಯಾಗುವುದುಂಟು. ಎದೆನೋವಿನೊಂದಿಗೆ ಬೆವರು ಬಂದರೆ ಮಾತ್ರ ಸಕ್ಕರೆಯ ಲೆಕ್ಕ ಹಾಕುತ್ತ ಕೂರಬೇಡಿ. ಅದು ಹೃದಯಾಘಾತವೂ ಆಗಿರಬಹುದು. ಕೂಡಲೇ ಆಸ್ಪತ್ರೆಗೆ ಬನ್ನಿ.

ಗ್ಲುಕೋಮೀಟರ್ ಇಲ್ಲದಿದ್ದರೆ? ಅನುಮಾನ ಬಂದಾಗ ಸಕ್ಕರೆ ಇಳಿದಿದೆ ಎಂದೇ ತಿಳಿದು ಉಪಚಾರ ಮಾಡಿ. ಇಳಿದಿರದಿದ್ದರೆ ಮೂರು ಚಮಚ ಸಕ್ಕರೆಯಿಂದ ದೊಡ್ಡ ಕೆಡುಕಾಗದು. ಇಳಿದಿದ್ದು ಕೊಡದೇ ಹೋದರೆ ಕೆಡುಕಾಗುತ್ತದೆ.

ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರೇ, ಇದನ್ನು ಎರಡು ಸಲ ಓದಿ

ಯಾವ ಔಷಧಿಯೂ ಇಲ್ಲದೆ ಕೇವಲ ತೂಕ ಇಳಿಸಲು ಪಥ್ಯ ಮಾಡುವವರಲ್ಲಿ ಊಟದ ನಂತರದ ಸಕ್ಕರೆ ಇಳಿತ ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. ತೊಂದರೆ ಕೊಡುತ್ತದೆ, ಹೆದರಿಸುತ್ತದೆ, ಆದರೆ ಶರೀರವೇ ಅದನ್ನು ತಿದ್ದಿಕೊಳ್ಳುತ್ತದೆ.

ಮಾತ್ರೆ ಅಥವಾ ಇನ್ಸುಲಿನ್ ಮೇಲಿರುವವರ ಕಥೆ ಬೇರೆ. ಇಲ್ಲಿ ಹೆಚ್ಚಿನ ಅಪಾಯವಿರುವುದು ಹಬ್ಬದ ಹೋಳಿಗೆಯಲ್ಲಲ್ಲ, ಹೇಳದೆ ಕೇಳದೆ ರೊಟ್ಟಿ ಬಿಟ್ಟದ್ದರಲ್ಲಿ.

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಈ ಮಾತ್ರೆಗಳು ನೀವು ಉಂಡಿರಲಿ, ಬಿಟ್ಟಿರಲಿ, ಗ್ರಂಥಿಯಿಂದ ಇನ್ಸುಲಿನ್ ಹಿಂಡುತ್ತಲೇ ಇರುತ್ತವೆ. ವೈದ್ಯರು ಪ್ರಮಾಣ ಬರೆದದ್ದು ನೀವು ಹೊತ್ತಿಗೆ ಎರಡು ರೊಟ್ಟಿ ತಿನ್ನುತ್ತೀರೆಂದು. ನೀವು ರೊಟ್ಟಿ ಬಿಟ್ಟಿರಿ, ಮಾತ್ರೆ ಮಾತ್ರ ಹಾಗೆಯೇ ಮುಂದುವರಿಸಿದಿರಿ. ಆಗ ನಡುರಾತ್ರಿ, ಮನೆಯವರೆಲ್ಲ ಮಲಗಿರುವಾಗ ಸಕ್ಕರೆ ಇಳಿಯಬಹುದು. ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಮಾತು.

ಇನ್ನು ಹಬ್ಬದ ದಿನ ಕೆಲವರು ‘ಇವತ್ತು ಸಿಹಿ ತಿಂದಿದ್ದೇನೆ’ ಎಂದು ತಾವೇ ಒಂದು ಮಾತ್ರೆ ಹೆಚ್ಚು ನುಂಗುತ್ತಾರೆ, ಅಥವಾ ನಾಲ್ಕು ಯೂನಿಟ್ ಹೆಚ್ಚು ಚುಚ್ಚಿಕೊಳ್ಳುತ್ತಾರೆ. ಹೋಳಿಗೆಯ ಸಕ್ಕರೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ, ಮಾತ್ರೆ ದಿನವಿಡೀ ಕೆಲಸ ಮಾಡುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ.

ಈ ಕೆಳಗಿನವನ್ನೂ ತಿಳಿದಿರಿ:
• ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರಾ ಇಳಿಯುವುದು ವಿರಳ. ಬೇರೆ ಮಾತ್ರೆಯೊಂದಿಗೆ ಸೇರಿದ್ದರೆ ಇಳಿಯಬಹುದು. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿರುತ್ತವೆ, ಪಟ್ಟಿಯ ಮೇಲೆ ಓದಿ ನೋಡಿ ಅಥವಾ ನಮ್ಮನ್ನು ಕೇಳಿ.
• ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಯವರು ವೈದ್ಯರ ಒಪ್ಪಿಗೆಯಿಲ್ಲದೆ ಅನ್ನ, ರೊಟ್ಟಿ ಪೂರ್ತಿ ಬಿಡಬಾರದು. ರಕ್ತದಲ್ಲಿ ಆಮ್ಲ ಸೇರಿ ಪ್ರಾಣಾಪಾಯವಾಗಬಹುದು. ಆಗ ಸಕ್ಕರೆ ಅಂಕಿ ಹೆಚ್ಚಿರಲೇಬೇಕೆಂದಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕೂಡಲೇ ಬನ್ನಿ.
• ಮೂತ್ರಪಿಂಡದ ತೊಂದರೆ ಇರುವವರಲ್ಲಿ, ವಯಸ್ಸಾದವರಲ್ಲಿ ಮಾತ್ರೆಯ ಪ್ರಭಾವ ಹೆಚ್ಚು ಹೊತ್ತು ಉಳಿಯುತ್ತದೆ.

ಇಷ್ಟು ಓದಿ ಮಾತ್ರೆಯನ್ನೇ ನಿಲ್ಲಿಸಿಬಿಡಬೇಡಿ. ಅದೂ ತಪ್ಪು. ಪಥ್ಯ ಬದಲಿಸುವ ಮೊದಲು ವೈದ್ಯರನ್ನು ಕಾಣಿರಿ. ಊಟ ಕಡಿಮೆಯಾದಂತೆ ಔಷಧಿಯನ್ನು ಅವರು ಕಡಿಮೆ ಮಾಡುತ್ತಾರೆ.

ಆ ಹೊತ್ತಿನಲ್ಲಿ ಏನು ಮಾಡಬೇಕು?

1. ಕೆಲಸ ನಿಲ್ಲಿಸಿ ಕುಳಿತುಕೊಳ್ಳಿ. ಬೈಕು, ಟ್ರ್ಯಾಕ್ಟರ್ ನಡೆಸುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ. ಬಾವಿ, ಒಲೆಯ ಹತ್ತಿರ ಇರಬೇಡಿ.
2. 15 ಗ್ರಾಂ ಸಕ್ಕರೆ ತೆಗೆದುಕೊಳ್ಳಿ. ಅಂದರೆ ಮೂರು ಚಹಾ ಚಮಚ ಗ್ಲುಕೋಸ್ ಪುಡಿ ಅಥವಾ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಯಿರಿ.
3. 15 ನಿಮಿಷ ಕಾಯಿರಿ. ಮತ್ತೆ ಪರೀಕ್ಷಿಸಿ. ಇನ್ನೂ 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಲಕ್ಷಣ ಹೋಗದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ.
4. ಸುಧಾರಿಸಿದ ಮೇಲೆ ಸ್ವಲ್ಪ ಗಟ್ಟಿ ಆಹಾರ ತಿನ್ನಿ. ಅರ್ಧ ರೊಟ್ಟಿ ಮತ್ತು ಕಾಳುಪಲ್ಯ, ಅಥವಾ ಸ್ವಲ್ಪ ಮೊಸರನ್ನ, ಅಥವಾ ಒಂದು ಹಿಡಿ ಶೇಂಗಾದೊಂದಿಗೆ ಒಂದೆರಡು ಬಿಸ್ಕತ್ತು ಸಾಕು.
5. ಮೇಲೆ ಹೇಳಿದ ಮಾತ್ರೆ ಅಥವಾ ಇನ್ಸುಲಿನ್ ಮೇಲಿದ್ದರೆ ಸುಧಾರಿಸಿದರೂ ಅಂದೇ ಆಸ್ಪತ್ರೆಗೆ ತಿಳಿಸಿ. ಸಕ್ಕರೆ ಕೆಲವು ಗಂಟೆಗಳ ನಂತರ ಮತ್ತೆ ಇಳಿಯಬಹುದು. ಆ ರಾತ್ರಿ ಒಬ್ಬರೇ ಮಲಗಬೇಡಿ.

ವಿಶೇಷ ಸೂಚನೆ: ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿರುವ ಮಾತ್ರೆ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಅವರಿಗೆ ಗ್ಲುಕೋಸ್ ಪುಡಿಯೇ ಬೇಕು. ಔಷಧಿ ಅಂಗಡಿಯಿಂದ ಒಂದು ಪೊಟ್ಟಣ ತಂದು ಮನೆಯಲ್ಲಿಡಿ.

ಇವನ್ನು ಮಾಡಬೇಡಿ:
• ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಹಾಲು, ಸಕ್ಕರೆ ಏನನ್ನೂ ಹಾಕಬೇಡಿ. ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.
• ಹೋಳಿಗೆ, ಪೇಡೆ, ಚಾಕಲೇಟ್ ಕೊಟ್ಟು ಕಾಯಬೇಡಿ. ಅವುಗಳಲ್ಲಿರುವ ತುಪ್ಪ, ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ.
• ಗಾಬರಿಯಲ್ಲಿ ಹತ್ತು ಚಮಚ ಸಕ್ಕರೆ, ಮೇಲೆ ಒಂದು ತಟ್ಟೆ ಅನ್ನ ತಿನ್ನಬೇಡಿ. ಸಕ್ಕರೆ ಮೇಲೇರಿ, ಮತ್ತೆ ಕೆಳಗಿಳಿದು, ಅದೇ ಆಟ ಮೊದಲಿನಿಂದ ಶುರುವಾಗುತ್ತದೆ.

ಮತ್ತೆ ಅನ್ನ, ರೊಟ್ಟಿ ತಿನ್ನುವುದು ಹೇಗೆ?

ಬಹಳ ದಿನ ಮಳೆಯಿಲ್ಲದ ನೆಲ ಮೊದಲ ಜೋರು ಮಳೆಯನ್ನು ಕುಡಿಯಲಾರದು, ನೀರು ಹರಿದು ಹೋಗುತ್ತದೆ. ತುಂತುರು ಬಿದ್ದು ನೆಲ ಹದವಾದ ಮೇಲೆ ಬಂದ ಮಳೆ ಒಳಗಿಳಿಯುತ್ತದೆ. ಶರೀರಕ್ಕೂ ಹದ ಬೇಕು. ಪಥ್ಯ ಬಿಡುವಾಗ, ಅಥವಾ ಸಡಿಲಿಸುವಾಗ ಹೀಗೆ ಮಾಡಿ:

• ಮೊದಲ ಎರಡು ಮೂರು ದಿನ ಒಂದು ಹೊತ್ತಿಗೆ ಅರ್ಧ ಜೋಳದ ರೊಟ್ಟಿ. ನಂತರ ಇನ್ನೊಂದು ಹೊತ್ತಿಗೂ ಅರ್ಧ. ಹೀಗೆ ಒಂದೆರಡು ವಾರದಲ್ಲಿ ನಿಮ್ಮ ಪ್ರಮಾಣಕ್ಕೆ ಬನ್ನಿ. ಒಂದೇ ದಿನದಲ್ಲಿ ಬೇಡ.
• ಜೋಳ, ಸಜ್ಜೆ, ನವಣೆ, ರಾಗಿಯಿಂದ ಆರಂಭಿಸಿ. ಪಾಲಿಶ್ ಮಾಡಿದ ಅಕ್ಕಿ, ಮೈದಾ, ಬೆಲ್ಲ, ಸಕ್ಕರೆ ಕೊನೆಗೆ. ನವಣೆ, ರಾಗಿಯಲ್ಲೂ ಶರ್ಕರಪಿಷ್ಟವಿದೆ, ಹೊಟ್ಟೆ ತುಂಬ ತಿನ್ನಬಹುದೆಂದು ತಿಳಿಯಬೇಡಿ. ಗಂಜಿ, ಅಂಬಲಿಗಿಂತ ಗಟ್ಟಿ ರೊಟ್ಟಿ ನಿಧಾನವಾಗಿ ಜೀರ್ಣವಾಗುತ್ತದೆ.
• ಊಟದ ಕ್ರಮ ಬದಲಿಸಿ. ಮೊದಲು ಹಸಿ ಸೌತೆ, ಮೂಲಂಗಿ, ಸೊಪ್ಪು, ಕಾಳುಪಲ್ಯ, ಮೊಸರು ತಿನ್ನಿ. ಆಮೇಲೆ ರೊಟ್ಟಿ, ಅನ್ನ. ಇದರಿಂದ ಸಕ್ಕರೆಯ ಏರಿಕೆ ತಗ್ಗುತ್ತದೆ. ಏರಿಕೆ ತಗ್ಗಿದರೆ ನಂತರದ ಇಳಿತವೂ ತಗ್ಗುತ್ತದೆ.
• ಬರಿ ಹೊಟ್ಟೆಯಲ್ಲಿ ಸಿಹಿ ಬೇಡ. ಬೆಳಿಗ್ಗೆ ಎದ್ದ ಕೂಡಲೇ ಸಕ್ಕರೆ ಚಹಾ ಮತ್ತು ಬಾಳೆಹಣ್ಣು ಮಾತ್ರ ತೆಗೆದುಕೊಂಡು ಮಧ್ಯಾಹ್ನದವರೆಗೆ ಉಪವಾಸವಿರುವುದು ಈ ತೊಂದರೆಗೆ ತೆರೆದ ಬಾಗಿಲು.
• ಊಟವಾದ ಮೇಲೆ 10–15 ನಿಮಿಷ ನಿಧಾನವಾಗಿ ಅಡ್ಡಾಡಿ. ಭಾರೀ ಊಟ ಮಾಡಿ ಹೊಲದ ಕಷ್ಟದ ಕೆಲಸಕ್ಕೆ ಕೂಡಲೇ ಇಳಿಯಬೇಡಿ.
• ಮದ್ಯಪಾನದಿಂದ ದೂರವಿರಿ. ಅದು ಯಕೃತ್ತು ಸಕ್ಕರೆ ಬಿಡುವುದನ್ನು ತಡೆಯುತ್ತದೆ. ಪಥ್ಯದಲ್ಲಿರುವವರಿಗೆ ಇದು ಇನ್ನೂ ಅಪಾಯಕರ.

ಪ್ರಸಾದ, ಜಾತ್ರೆ ಮತ್ತು ಉಪವಾಸ

‘ಪ್ರಸಾದ ಬೇಡವೆನ್ನುವುದು ಹೇಗೆ ಸಿಸ್ಟರ್?’ ಎಂದು ಬಹಳ ಜನ ಹಿರಿಯರು ಕೇಳುತ್ತಾರೆ. ಬೇಡವೆನ್ನಬೇಕಾಗಿಲ್ಲ. ಪ್ರಸಾದಕ್ಕೆ ಅಳತೆಯಿಲ್ಲ. ಒಂದು ತುತ್ತು ಹುಗ್ಗಿಯೂ ಪ್ರಸಾದವೇ, ತಣಿಗೆ ತುಂಬ ನೀಡಿದ್ದೂ ಪ್ರಸಾದವೇ. ಭಕ್ತಿಯಿಂದ ಎರಡು ತುತ್ತು ಸ್ವೀಕರಿಸಿ, ಉಳಿದ ಜಾಗಕ್ಕೆ ಪಲ್ಯ, ಬೇಳೆ, ಮಜ್ಜಿಗೆ ಹಾಕಿಸಿಕೊಳ್ಳಿ. ಎಲೆಯಲ್ಲಿ ಬಿಟ್ಟು ಕೆಡಿಸುವುದಕ್ಕಿಂತ ನೀಡುವ ಮೊದಲೇ ‘ಸ್ವಲ್ಪ ಸಾಕು’ ಎಂದು ಕೈ ಮುಗಿಯುವುದು ಒಳ್ಳೆಯದು. ಬಡಿಸುವವರು ಕೂಡ ‘ಇನ್ನೊಂದು, ಇನ್ನೊಂದು’ ಎಂದು ಒತ್ತಾಯ ಮಾಡಬಾರದು. ಪ್ರೀತಿಯಿಂದ ಮಾಡಿದ ಒತ್ತಾಯವೂ ಕೆಲವರನ್ನು ಆಸ್ಪತ್ರೆಗೆ ಕರೆತರುತ್ತದೆ.

ಶಿವರಾತ್ರಿ, ಶ್ರಾವಣ ಸೋಮವಾರದ ಉಪವಾಸ ಮುರಿಯುವಾಗಲೂ ಇದೇ ಎಚ್ಚರ ಬೇಕು. ದಿನವಿಡೀ ಉಪವಾಸವಿದ್ದು, ಒಮ್ಮೆಗೇ ಸಾಬೂದಾಣಿ ಖಿಚಡಿ, ಖರ್ಜೂರ, ಬಾಳೆಹಣ್ಣು ಹೊಟ್ಟೆ ತುಂಬ ತಿಂದರೆ ಅದೇ ಏರಿಳಿತ ಆಗಬಹುದು. ಮಾತ್ರೆ, ಇನ್ಸುಲಿನ್ ಮೇಲಿರುವವರು ಉಪವಾಸಕ್ಕೆ ಕೆಲವು ದಿನ ಮೊದಲೇ ವೈದ್ಯರನ್ನು ಕೇಳಿ. ವೈದ್ಯರು ಬೇಡವೆಂದರೆ ಬೇಡ. ಶರೀರವನ್ನು ಕಾಪಾಡಿಕೊಳ್ಳುವುದೂ ಶಿವಪೂಜೆಯೇ.

ಯಾರು ತಾವಾಗಿ ಈ ಪಥ್ಯ ಮಾಡಬಾರದು?

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು, ಬಾಲ್ಯದಿಂದ ಇನ್ಸುಲಿನ್ ಮೇಲಿರುವವರು, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯವರು, ತೂಕ ಮೊದಲೇ ಕಡಿಮೆ ಇರುವವರು, ಒಬ್ಬರೇ ವಾಸಿಸುವ ವೃದ್ಧರು. ಇವರು ನೆರೆಮನೆಯವರ ಮಾತು ಕೇಳಿ ಅನ್ನ, ರೊಟ್ಟಿ ಬಿಡಬಾರದು. ಸರಿಯಾಗಿ ಮಾಡಿದರೆ ಈ ಪಥ್ಯದಿಂದ ಹಲವರಿಗೆ ತೂಕ, ಸಕ್ಕರೆ ಎರಡೂ ಇಳಿಯುತ್ತವೆ ಎಂಬುದು ನಿಜ. ಆದರೆ ಪಕ್ಕದ ಮನೆಯವರಿಗೆ ಒಗ್ಗಿದ್ದು ನಿಮಗೆ ಒಗ್ಗಲೇಬೇಕೆಂದಿಲ್ಲ. ಅವರು ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ, ನೀವು ತೆಗೆದುಕೊಳ್ಳುತ್ತಿದ್ದೀರಿ. ವ್ಯತ್ಯಾಸ ಅಷ್ಟೇ, ಆದರೆ ಪ್ರಾಣದಷ್ಟು ದೊಡ್ಡದು.

ವೈದ್ಯರನ್ನು ಯಾವಾಗ ಕಾಣಬೇಕು?

• ಪ್ರಜ್ಞೆ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ, ಮಾತು ತೊದಲಿದ್ದರೆ: ಕೂಡಲೇ.
• ಸಕ್ಕರೆ 54ಕ್ಕಿಂತ ಕಡಿಮೆ ಬಂದಿದ್ದರೆ: ಅಂದೇ.
• ಬೆಳಗಿನ ಜಾವ ಬರಿ ಹೊಟ್ಟೆಯಲ್ಲಿ ಅಥವಾ ಊಟವಿಲ್ಲದ ಹೊತ್ತಿನಲ್ಲಿ ಹೀಗಾಗುತ್ತಿದ್ದರೆ: ಬೇಗ ಬನ್ನಿ. ಇದಕ್ಕೆ ಬೇರೆ ಕಾರಣ ಹುಡುಕಬೇಕು.
• ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಗೆ ಊಟದ ನಂತರ ಹೀಗಾಗುತ್ತಿದ್ದರೆ: ಬಂದು ತೋರಿಸಿ. ಊಟ ಬೇಗ ಕರುಳಿಗೆ ಇಳಿಯುವುದು ಕಾರಣವಾಗಿರಬಹುದು.
• ಅನ್ನ, ರೊಟ್ಟಿ ಮಾಮೂಲಿಯಾಗಿ ತಿನ್ನುತ್ತಿದ್ದರೂ ಪದೇ ಪದೇ ಆಗುತ್ತಿದ್ದರೆ: ಬಂದು ತೋರಿಸಿ. ಕೆಲವರಲ್ಲಿ ಇದು ಸಕ್ಕರೆ ಕಾಯಿಲೆಯ ಆರಂಭದ ಸೂಚನೆ.

ಬರುವಾಗ ಒಂದು ಚೀಟಿಯಲ್ಲಿ ಐದು ವಿಷಯ ಬರೆದು ತನ್ನಿ: ಏನು ಉಂಡಿರಿ, ಎಷ್ಟು ಹೊತ್ತಿಗೆ ಉಂಡಿರಿ, ಎಷ್ಟು ಹೊತ್ತಿಗೆ ನಡುಕ ಬಂತು, ಆಗ ಸಕ್ಕರೆ ಎಷ್ಟಿತ್ತು, ಏನು ಕೊಟ್ಟ ಮೇಲೆ ಸರಿಹೋಯಿತು. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ತನ್ನಿ. ‘ಬಿಳಿ ಮಾತ್ರೆ, ಸಣ್ಣ ಗುಲಾಬಿ ಮಾತ್ರೆ’ ಎಂದರೆ ನಮಗೆ ತಿಳಿಯುವುದಿಲ್ಲ. ಬರೆಯಲು ಬಾರದವರು ಮಗಳಿಂದಲೋ ಮೊಮ್ಮಗನಿಂದಲೋ ಬರೆಸಿ. ಆ ಒಂದು ಚೀಟಿ ಎಷ್ಟೋ ಪರೀಕ್ಷೆಗಳ ಖರ್ಚು ಉಳಿಸುತ್ತದೆ.

ಸಂಬಂಧಿಕರಿಗೆ ಒಂದು ಮಾತು

ಸಕ್ಕರೆ ಇಳಿದವರು ತಮಗೆ ಸಕ್ಕರೆ ಇಳಿದಿದೆ ಎಂದು ಹೇಳಲಾರರು. ಮಿದುಳಿಗೆ ಆಹಾರ ಸಾಲದಾದಾಗ ಸಿಡುಕುತ್ತಾರೆ, ಬೈಯುತ್ತಾರೆ, ‘ನನಗೇನೂ ಆಗಿಲ್ಲ, ಬಿಡು’ ಎನ್ನುತ್ತಾರೆ, ಕೊಟ್ಟ ಸಕ್ಕರೆ ನೀರನ್ನು ದೂಡುತ್ತಾರೆ. ಅದು ಅವರ ಸ್ವಭಾವವಲ್ಲ, ಆ ಹೊತ್ತಿನ ಕಾಯಿಲೆ. ಬೇಸರ ಮಾಡಿಕೊಳ್ಳದೆ, ವಾದ ಮಾಡದೆ, ನುಂಗಲು ಶಕ್ತಿಯಿರುವಾಗಲೇ ಸಮಾಧಾನದಿಂದ ಕುಡಿಸಿ. ಸದಾ ಶಾಂತವಾಗಿರುವ ಅಪ್ಪ ಊಟವಾದ ಮೂರು ಗಂಟೆಗೆ ಕಾರಣವಿಲ್ಲದೆ ರೇಗಿದರೆ, ಮೊದಲು ಅವರ ಹಣೆ ಮುಟ್ಟಿ ನೋಡಿ. ತಣ್ಣಗೆ ಬೆವರಿದ್ದರೆ ಮಾತು ಬೇಡ, ಗ್ಲುಕೋಸ್ ತನ್ನಿ.

ಮನೆಯಲ್ಲಿ ಯಾರಾದರೂ ರೊಟ್ಟಿ ಬಿಟ್ಟಿದ್ದಾರೆಂದು ಗೊತ್ತಾದರೆ ‘ಒಳ್ಳೆಯದಾಯಿತು’ ಎಂದು ಸುಮ್ಮನಾಗಬೇಡಿ. ‘ಡಾಕ್ಟರಿಗೆ ಹೇಳಿದ್ದೀರಾ? ಮಾತ್ರೆ ಬದಲಿಸಿದ್ದಾರಾ?’ ಎಂದು ಕೇಳಿ. ಆ ಎರಡು ಪ್ರಶ್ನೆಗಳು ಒಂದು ಜೀವ ಉಳಿಸಬಲ್ಲವು.

ನೆನಪಿಡಬೇಕಾದ ನಾಲ್ಕು ಮಾತು

1. ಅನ್ನ, ರೊಟ್ಟಿ ಶತ್ರುವಲ್ಲ. ಬಿಡುವುದೂ ನಿಧಾನವಾಗಿರಲಿ, ಮತ್ತೆ ಹಿಡಿಯುವುದೂ ನಿಧಾನವಾಗಿರಲಿ.
2. ನಡುಕ ಬಂದ ಹೊತ್ತಿನಲ್ಲೇ ಸಕ್ಕರೆ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲುಕೋಸ್, 15 ನಿಮಿಷ ವಿಶ್ರಾಂತಿ, ಮತ್ತೆ ಪರೀಕ್ಷೆ.
3. ಮಾತ್ರೆ, ಇನ್ಸುಲಿನ್ ಮೇಲಿರುವವರು ವೈದ್ಯರಿಗೆ ಹೇಳದೆ ಊಟ ಬದಲಿಸಬಾರದು.
4. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು.

ಈ ಪತ್ರಿಕೆಯನ್ನು ಓದಿ ಎಸೆಯಬೇಡಿ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಹತ್ತಿರ ಇಡಿ. ನಿಮಗೆ ಬೇಡವಾದರೆ ಪಕ್ಕದ ಹಾಸಿಗೆಯವರಿಗೆ ಕೊಡಿ. ಸಂದೇಹವಿದ್ದರೆ ನಾಚಿಕೊಳ್ಳದೆ ವಾರ್ಡಿನ ಸಿಸ್ಟರ್ ಅವರನ್ನು ಕೇಳಿ. ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಹೇಳುವುದು ನಮ್ಮ ಕಾಯಕ.